ಯೊಕೊಸುಕಾ ಬಂದರಿನ ವೆರ್ನಿ ಉದ್ಯಾನ: ಅಮ್ಮನನ್ನೂ ಮಗನನ್ನೂ ಕರೆದುಕೊಂಡು ಹೋಗಬಹುದೇ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಕಾವಾಸಾಕಿಯ ಮುಸಾಶಿ ಕೊಸುಗಿ ನಿಲ್ದಾಣದ ಹತ್ತಿರ. ಅಮ್ಮ ಮೂರು ವಾರಕ್ಕೆಂದು ಬಂದಿದ್ದಾರೆ. ವಯಸ್ಸು 71, ಎರಡೂ ಮೊಣಕಾಲಿನಲ್ಲಿ ನೋವು. ಸಮತಟ್ಟಾದ ಜಾಗದಲ್ಲಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮಾತ್ರ ಮುಖ ಸಣ್ಣದಾಗುತ್ತದೆ. ಕಳೆದ ವಾರ ಕಾಮಾಕುರಾಕ್ಕೆ ಕರೆದೊಯ್ದು ದೇವಾಲಯಗಳ ಮೆಟ್ಟಿಲು ಹತ್ತಿಸಿದ ಪಾಪ ನನ್ನದು. ಮೂರನೆಯ ಕಡೆ ಕೆಳಗೇ ಕುಳಿತುಬಿಟ್ಟು, "ಈ ದೇಶದ ದೇವರಿಗೆಲ್ಲ ಗುಡ್ಡವೇ ಬೇಕೇನು?" ಎಂದು ಕೇಳಿದರು. ಅಲ್ಲಿಗೆ ದೇವಾಲಯಗಳ ಪಟ್ಟಿ ಮಡಚಿಟ್ಟೆ.

ಇನ್ನೊಂದು ಕಡೆ ನನ್ನ ಮಗ. ಒಂಬತ್ತು ವರ್ಷ, ಹಡಗಿನ ಹುಚ್ಚು. ಶಾಲೆಯ ಮಗ್ಗಿ ಮರೆಯುತ್ತಾನೆ, ಜಪಾನಿನ ಯುದ್ಧನೌಕೆಗಳ ಮೂತಿಯ ಮೇಲೆ ಬರೆದಿರುವ ಸಂಖ್ಯೆಗಳನ್ನು ಮರೆಯುವುದಿಲ್ಲ. ಯೊಕೊಸುಕಾ ನೌಕಾನೆಲೆಯ ಎದುರಿಗೇ ಸಮುದ್ರದ ಅಂಚಿನಲ್ಲಿ ಒಂದು ಗುಲಾಬಿ ತೋಟವಿದೆ, ಬೆಂಚಿನ ಮೇಲೆ ಕುಳಿತೇ ಹಡಗು ನೋಡಬಹುದು ಎಂದು ಯಾರೋ ಹೇಳಿದರು. ಗುಲಾಬಿ ಅಮ್ಮನಿಗೆ, ಹಡಗು ಮಗನಿಗೆ ಎಂದು ನನ್ನ ಲೆಕ್ಕ. ಮೇ ತಿಂಗಳ ಮಧ್ಯದ ಒಂದು ಭಾನುವಾರ ಹೋಗುವ ಯೋಚನೆ.

ಅಲ್ಲಿ ಮೆಟ್ಟಿಲುಗಳ ಕಾಟ ಎಷ್ಟು? ಅರ್ಧ ದಿನ ಕಳೆಯುವಷ್ಟು ಸಂಗತಿ ಇದೆಯೇ, ಇಲ್ಲವೇ ಫೋಟೊ ತೆಗೆದು ಹೊರಡುವ ಜಾಗವೇ? ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ, ಹಾಗಾಗಿ ಊಟದ ಬಗ್ಗೆಯೂ ತಿಳಿದವರು ಹೇಳಿ. ಅಮ್ಮ ಮತ್ತೊಮ್ಮೆ ಗುಡ್ಡದ ಮಾತೆತ್ತದಂತೆ ಆದರೆ ಸಾಕು.

ಆರನೇ ಗೇರ್:

ಹೋಗಿ ಬಂದಿದ್ದೇನೆ, ನೇರವಾಗಿ ಹೇಳುತ್ತೇನೆ. ವೆರ್ನಿ ಉದ್ಯಾನಕ್ಕೆ ಹದಿನೈದು ನಿಮಿಷ ಸಾಕು. ಉದ್ದಕ್ಕೆ ಮರದ ಹಲಗೆಯ ದಾರಿ, ಗುಲಾಬಿ, ಆಚೆ ದಡದಲ್ಲಿ ಬೂದು ಬಣ್ಣದ ಹಡಗುಗಳು, ಅಷ್ಟೇ. ಅಲ್ಲಿಂದ ಶಿಯೊಇರಿ ನಿಲ್ದಾಣದ ಕಡೆಗೆ ನಡೆದರೆ ನೌಕಾಬಂದರು ಸುತ್ತಿಸುವ ದೋಣಿ ಸಿಗುತ್ತದೆ, 45 ನಿಮಿಷದ ಸುತ್ತು. ವಿಮಾನವಾಹಕ ನೌಕೆ ಬಂದರಿನಲ್ಲಿದ್ದರೆ ಅದು ಕಾಣುವುದು ದೋಣಿಯಿಂದಲೇ, ಉದ್ಯಾನದಿಂದಲ್ಲ. ವಾರಾಂತ್ಯದಲ್ಲಿ ಆಸನಗಳು ಬೇಗ ತುಂಬುತ್ತವೆ, ಮುಂಗಡ ಕಾದಿರಿಸಿ.

ಅದು ಮುಗಿದ ಮೇಲೆ ಮಿಕಾಸಾ ಉದ್ಯಾನಕ್ಕೆ ಹೋಗಿ. ಮಿಕಾಸಾ ಎಂಬ ನಿಜವಾದ ಯುದ್ಧನೌಕೆಯ ಒಳಗೇ ಓಡಾಡಬಹುದು, ದೊಡ್ಡವರಿಗೆ ಪ್ರವೇಶ ಶುಲ್ಕವಿದೆ. 1905ರಲ್ಲಿ ರಷ್ಯಾದ ವಿರುದ್ಧ ನಡೆದ ತ್ಸುಶಿಮಾ ಕದನದಲ್ಲಿ ಜಪಾನಿನ ಅಡ್ಮಿರಲ್ ತೋಗೊ ನಿಂತಿದ್ದ ಹಡಗು ಅದು. ಹುಡುಗನಿಗೆ ಅದಕ್ಕಿಂತ ಇನ್ನೇನು ಬೇಕು? ಗುಲಾಬಿ ಎಲ್ಲಿ ಬೇಕಾದರೂ ಸಿಗುತ್ತದೆ.

ಲೇತ್ ಮೇಷ್ಟ್ರು:

ಮೇಲಿನ ಗೆಳೆಯರು ಹದಿನೈದು ನಿಮಿಷ ಎಂದರು. ಆ ಉದ್ಯಾನದಲ್ಲಿ ಒಳ್ಳೆಯ ಬೆಂಚು ಆರಿಸುವುದಕ್ಕೇ ನನಗೆ ಅಷ್ಟು ಹೊತ್ತು ಬೇಕು. ಯೊಕೊಹಾಮಾದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದೇನೆ, ಎರಡು ಮೂರು ತಿಂಗಳಿಗೊಮ್ಮೆ ಯೊಕೊಸುಕಾಕ್ಕೆ ಹೋಗುತ್ತೇನೆ. ಹಡಗು ನೋಡಲು ಅಲ್ಲ, ಒಂದು ಸುತ್ತಿಗೆಯನ್ನು ನೋಡಲು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಮ್ಮನವರ ಮೊಣಕಾಲು. ಕೇಕ್ಯೂ ಎಂಬ ಖಾಸಗಿ ರೈಲು ಬೇಗ ತಲುಪಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನೀವು ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ನಿಲ್ದಾಣದಲ್ಲೇ ಜೆಆರ್ ಯೊಕೊಸುಕಾ ಮಾರ್ಗದ ರೈಲು ನಿಲ್ಲುತ್ತದೆ, ಸುಮಾರು ಒಂದು ಗಂಟೆಯ ಪಯಣ. ಕೆಲವು ರೈಲುಗಳು ಜುಶಿಯಲ್ಲೇ ನಿಂತುಬಿಡುತ್ತವೆ, ಅಲ್ಲಿ ಬದಲಿಸಬೇಕಾಗಬಹುದು. ಜೆಆರ್ ಯೊಕೊಸುಕಾ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನಿಂದ ಹೊರಬಾಗಿಲಿನವರೆಗೆ ಒಂದೇ ಒಂದು ಮೆಟ್ಟಿಲಿಲ್ಲ. 1889ರಲ್ಲಿ ತೆರೆದ ನಿಲ್ದಾಣ, ಇಂದಿಗೂ ಅದರ ಹೆಗ್ಗಳಿಕೆ ಇದೇ. ಹೊರಬಂದು ನಾಲ್ಕು ಹೆಜ್ಜೆ ಇಟ್ಟರೆ ಉದ್ಯಾನ, ಉದ್ಯಾನದ ಅಂಚಿಗೆ ಸಮುದ್ರ. ಗಾಲಿಕುರ್ಚಿಯೂ ಸಲೀಸಾಗಿ ಹೋಗುತ್ತದೆ.

ಎರಡನೆಯದು ಸಮಯ. ಹತ್ತು ಗಂಟೆಗೆ ಹೋಗುವವರು ಹಡಗು ನೋಡುತ್ತಾರೆ, ಎಂಟಕ್ಕೆ ಮೊದಲು ಹೋಗುವವರು ಬಂದರು ನೋಡುತ್ತಾರೆ. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಜಪಾನಿನ ಕಡಲು ಆತ್ಮರಕ್ಷಣಾ ಪಡೆಯ ಹಡಗುಗಳ ಹಿಂಬದಿಯಲ್ಲಿ ಹದಿನಾರು ಕಿರಣಗಳ ಸೂರ್ಯನ ಬಾವುಟ ಏರುತ್ತದೆ, ಕಹಳೆ ಊದುತ್ತಾರೆ. ಅದೇ ಹೊತ್ತಿಗೆ ಅಮೆರಿಕದ ನೆಲೆಯಲ್ಲೂ ಧ್ವಜಾರೋಹಣ. ಎರಡು ದೇಶಗಳ ನೌಕಾಪಡೆ ಒಂದೇ ಕೊಲ್ಲಿಯ ನೀರು ಹಂಚಿಕೊಂಡಿವೆ ಎಂದು ಎಷ್ಟು ಓದಿದರೂ, ಅದು ಕಿವಿಗೆ ಬಿದ್ದಾಗಲೇ ಅರ್ಥವಾಗುವುದು. ಮಗನಿಗೆ ಅಲ್ಲಿ ಕೆಲಸ ಬಹಳ. ಮೂತಿಯ ಮೇಲೆ 183 ಎಂದು ಕಂಡರೆ ಅದು ಇಜುಮೊ, ಉದ್ದ 248 ಮೀಟರ್. ಆದರೆ ಯಾವ ದಿನ ಯಾವ ಹಡಗು ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು, ಮೊದಲೇ ಹುಡುಗನ ಕಿವಿಯಲ್ಲಿ ಹಾಕಿಡಿ. ಜಲಾಂತರ್ಗಾಮಿ ಇದ್ದರೆ ಎದುರು ದಡದಲ್ಲಿ ಕೆರೆಗಿಳಿದ ಎಮ್ಮೆಯ ಹಾಗೆ ಕಪ್ಪು ಬೆನ್ನಷ್ಟೇ ಕಾಣುತ್ತದೆ. ಅದರ ಮೈ ಹೊಳೆಯುವುದಿಲ್ಲ, ಬೆಳಕನ್ನೇ ನುಂಗಿದ ಹಾಗಿರುತ್ತದೆ. ಸದ್ದಿನ ಅಲೆಗಳನ್ನು ಹೀರಿಕೊಳ್ಳುವ ಹೊದಿಕೆ ಅದು.

ಗುಲಾಬಿಯ ಬಗ್ಗೆ ಹೆಚ್ಚು ಹೇಳಲಾರೆ, ನನಗೆ ಹೂವಿನ ಗಂಧವಿಲ್ಲ. ಸಾವಿರಕ್ಕೂ ಹೆಚ್ಚು ಗಿಡಗಳಿವೆ, ಮೇ ಮಧ್ಯದಿಂದ ಜೂನ್ ಆರಂಭದವರೆಗೆ ತುಂಬಿ ಬಿಡುತ್ತವೆ, ಮತ್ತೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಇನ್ನೊಂದು ಸುತ್ತು. ಹಾಗಾಗಿ ನಿಮ್ಮ ದಿನ ಸರಿಯಾಗಿದೆ.

ಈಗ ಸುತ್ತಿಗೆ. ನಿಲ್ದಾಣದ ಬದಿಯಲ್ಲೇ ಕಡಿದಾದ ಚಾವಣಿಯ ಒಂದು ಸಣ್ಣ ಕಟ್ಟಡವಿದೆ, ವೆರ್ನಿ ಸ್ಮಾರಕ ಭವನ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಮನೆಗಳ ಮಾದರಿಯಲ್ಲಿ ಕಟ್ಟಿದ್ದಾರೆ. ಪ್ರವೇಶ ಉಚಿತ, ಸೋಮವಾರ ರಜೆ, ಒಂಬತ್ತಕ್ಕೆ ತೆರೆಯುತ್ತದೆ. ಒಳಗೆ ಎರಡು ಉಗಿ ಸುತ್ತಿಗೆಗಳಿವೆ. ಎರಡೂ 1865ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತಯಾರಾದವು. ದೊಡ್ಡದು ಮೂರು ಟನ್ನಿನದ್ದು, ಎರಡು ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗಿದೆ. ಸಣ್ಣದು ಅರ್ಧ ಟನ್ನಿನದ್ದು, ಒಂಟಿ ಕಾಲಿನದ್ದು. ಮೂರು ಟನ್ ಎಂದರೆ ಇಡೀ ಯಂತ್ರದ ತೂಕವಲ್ಲ, ಮೇಲಿನಿಂದ ಬೀಳುವ ಆ ಒಂದು ತುಂಡಿನ ತೂಕ. ಕೆಳಗಿನಿಂದ ಉಗಿ ನುಗ್ಗಿ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಮೇಲಕ್ಕೆತ್ತುತ್ತದೆ, ಉಗಿಯನ್ನು ಹೊರಬಿಟ್ಟರೆ ತೂಕ ಅಡಗಲ್ಲಿನ ಮೇಲೆ ಬೀಳುತ್ತದೆ. ಇದರ ಚಮತ್ಕಾರ ಬಲದಲ್ಲಿಲ್ಲ, ಹಿಡಿತದಲ್ಲಿದೆ. ನುರಿತ ಕೈ ಹಿಡಿಕೆಯ ಮೇಲಿದ್ದರೆ ಇಂಥ ಸುತ್ತಿಗೆ ಕೆಂಪಗೆ ಕಾದ ಕಬ್ಬಿಣವನ್ನು ಹಿಟ್ಟಿನ ಮುದ್ದೆಯಂತೆ ಅಮುಕಬಲ್ಲದು, ಮೊಟ್ಟೆಯ ಸಿಪ್ಪೆಯನ್ನಷ್ಟೇ ಬಿರುಕು ಬಿಡಿಸಿ ಅಲ್ಲೇ ನಿಲ್ಲಬಲ್ಲದು. ಹತ್ತಿರ ನಿಂತು ಬಡಿತದ ಮುಖದ ಅಂಚು ನೋಡಿ. ಅಲ್ಲಿನ ಸವೆತ ಅದೆಷ್ಟು ಜನರ ದುಡಿಮೆಯೋ. ಮಹಾಯುದ್ಧ ಮುಗಿದು ಕಾರ್ಖಾನೆ ಅಮೆರಿಕನ್ನರ ಕೈಗೆ ಹೋದ ಮೇಲೂ ಇವು ದಶಕಗಳ ಕಾಲ ಕೆಲಸ ಮಾಡಿದವು. ನಮ್ಮ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದ ಯಂತ್ರವನ್ನು ಹಳೆಯದೆಂದು ಗುಜರಿಗೆ ಹಾಕಿದರು. ಅಂದು ಸಂಜೆ ನಾನು ಇಲ್ಲಿಗೆ ಬಂದು ಬಹಳ ಹೊತ್ತು ನಿಂತಿದ್ದೆ.

ಈ ಸುತ್ತಿಗೆ ಇಲ್ಲಿಗೆ ಬಂದದ್ದೇಕೆ ಎಂದು ತಿಳಿಯಲು ಹೊರಗೆ ಬಂದು ಎರಡು ಎದೆಮಟ್ಟದ ಪ್ರತಿಮೆಗಳ ಎದುರು ನಿಲ್ಲಬೇಕು. ಒಂದು ಫ್ರಾಂಸ್ವಾ ಲಿಯೊನ್ಸ್ ವೆರ್ನಿಯದು. ಫ್ರೆಂಚ್ ನೌಕಾ ಎಂಜಿನಿಯರ್, 1865ರಲ್ಲಿ ಇಲ್ಲಿಗೆ ಬಂದಾಗ 27 ವರ್ಷ. ಕಬ್ಬಿಣದ ಕಾರ್ಖಾನೆ, ಹಡಗುಕಟ್ಟೆ, ಕೆಲಸಗಾರರಿಗೆ ಶಾಲೆ ಎಲ್ಲವನ್ನೂ ಕಟ್ಟಿ 1876ರಲ್ಲಿ ಹಿಂದಿರುಗಿದ. ಜಪಾನಿನ ಮೊದಲ ಪಾಶ್ಚಾತ್ಯ ಮಾದರಿಯ ದೀಪಸ್ತಂಭ, ಕಾನ್ನೊನ್ಝಾಕಿಯದ್ದು, 1869ರಲ್ಲಿ ಬೆಳಗಿದ್ದೂ ಈತನ ತಂಡದ ಕೈಯಿಂದಲೇ. ಉದ್ಯಾನಕ್ಕೆ ಈತನ ಹೆಸರಿದೆ, ಎಲ್ಲರೂ ಈತನ ಪಕ್ಕದಲ್ಲೇ ಫೋಟೊ ತೆಗೆಸಿಕೊಳ್ಳುತ್ತಾರೆ.

ಪಕ್ಕದ ಪ್ರತಿಮೆ ಒಗುರಿ ತಾದಾಮಾಸಾರದು. ನಾನು ಟೊಪ್ಪಿ ತೆಗೆಯುವುದು ಇವರಿಗೆ. ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಶೋಗನ್ ಮನೆತನದ ಆಡಳಿತದಲ್ಲಿ ಹಣಕಾಸು ನೋಡುತ್ತಿದ್ದವರು. 1860ರಲ್ಲಿ ನಿಯೋಗದ ಜೊತೆ ಅಮೆರಿಕಕ್ಕೆ ಹೋಗಿ, ವಾಷಿಂಗ್ಟನ್ನಿನ ನೌಕಾ ಕಾರ್ಖಾನೆ ನೋಡಿ, ಬರುವಾಗ ಒಂದು ಸ್ಕ್ರೂ ತಂದರು. ರೇಷ್ಮೆಯಲ್ಲ, ಗಡಿಯಾರವಲ್ಲ, ಒಂದು ಸ್ಕ್ರೂ. ಒಂದೇ ಅಳತೆಯ ಸ್ಕ್ರೂಗಳನ್ನು ಸಾವಿರಗಟ್ಟಲೆ ಮಾಡಬಲ್ಲ ದೇಶದ ಎದುರು ಕತ್ತಿ ಹಿಡಿದು ನಿಲ್ಲಲಾಗದು ಎಂದು ಅವರಿಗೆ ಅರ್ಥವಾಗಿತ್ತು ಎಂದೇ ನನ್ನ ನಂಬಿಕೆ. ಖಜಾನೆ ಬರಿದಾಗುತ್ತಿದ್ದ ಹೊತ್ತಿನಲ್ಲಿ ಈ ಕಾರ್ಖಾನೆಗೆ ಇಷ್ಟು ಖರ್ಚು ಏಕೆ ಎಂದು ಕೇಳಿದವರಿಗೆ, ಮನೆ ಮಾರುವ ಕಾಲ ಬಂದರೂ ಉಗ್ರಾಣ ಸಮೇತ ಮಾರಿದರೆ ಮಾನ ಉಳಿಯುತ್ತದೆ ಎಂಬರ್ಥದ ಮಾತು ಹೇಳಿದರಂತೆ. ಮನೆ ಕೈಬದಲಾಯಿತು. 1868ರಲ್ಲಿ ಹೊಸ ಸರ್ಕಾರದ ಸೈನ್ಯ ವಿಚಾರಣೆಯೇ ಇಲ್ಲದೆ ಅವರ ತಲೆ ಕಡಿಯಿತು. ಅವರು ಶುರು ಮಾಡಿಸಿದ ಕಾರ್ಖಾನೆಯನ್ನು ಅದೇ ಸರ್ಕಾರ ಮುಂದುವರಿಸಿತು. ತಲೆ ಬೇಡ, ಕಾರ್ಖಾನೆ ಬೇಕು.

ಪ್ರತಿಮೆಗಳಿಗೆ ಬೆನ್ನು ಹಾಕಿ ಸಮುದ್ರದ ಕಡೆ ನೋಡಿದರೆ ಎದುರು ದಡವೇ ಆ ಕಾರ್ಖಾನೆಯ ಜಾಗ. ಅಲ್ಲಿನ ಒಂದನೇ ಡ್ರೈ ಡಾಕ್, ಅಂದರೆ ನೀರು ಹೊರಹಾಕಿ ಹಡಗು ರಿಪೇರಿ ಮಾಡುವ ಕಟ್ಟೆ, ಮುಗಿದದ್ದು 1871ರಲ್ಲಿ. ಕಲ್ಲಿನ ಕಟ್ಟಡ, ಈಗ ಅಮೆರಿಕದ ನೆಲೆಯೊಳಗಿದೆ, ಇಂದಿಗೂ ಬಳಕೆಯಲ್ಲಿದೆ.

ಆರನೇ ಗೇರ್ ಅವರು ಮಿಕಾಸಾದ ಮಾತೆತ್ತಿದರು. ಹೋಗಬೇಡಿ ಎನ್ನುವುದಿಲ್ಲ, ಆದರೆ ಹಡಗಿನೊಳಗೆ ಕಡಿದಾದ ಮೆಟ್ಟಿಲುಗಳಿವೆ, ಅಮ್ಮನವರು ಹೊರಗಿನ ಉದ್ಯಾನದಲ್ಲೇ ಕೂರುವುದು ಒಳ್ಳೆಯದು. ನಿಮ್ಮ ಹುಡುಗನಿಗೆ ಇನ್ನೊಂದು ವಿಷಯ ಹೇಳಿ: ಮಿಕಾಸಾ ಕಟ್ಟಿದ್ದು ಜಪಾನಿನಲ್ಲಲ್ಲ, ಇಂಗ್ಲೆಂಡಿನ ಬ್ಯಾರೊದಲ್ಲಿ. 1902ರಲ್ಲಿ ಪೂರ್ಣಗೊಂಡಿತು. ತ್ಸುಶಿಮಾ ಗೆದ್ದ ಕೆಲವೇ ತಿಂಗಳಲ್ಲಿ ಸಾಸೆಬೊ ಬಂದರಿನಲ್ಲಿ ತನ್ನದೇ ಮದ್ದು ಸಿಡಿದು ಮುಳುಗಿತು, ಮತ್ತೆ ಎತ್ತಿದರು. 1926ರಿಂದ ಇಲ್ಲಿ ಸ್ಮಾರಕ. ಎರಡನೆಯ ಮಹಾಯುದ್ಧದ ನಂತರ ಮೇಲಿನದನ್ನೆಲ್ಲ ಕಿತ್ತು ಅದರ ಮೇಲೆ ನೃತ್ಯಶಾಲೆಯನ್ನೂ ಮೀನಿನ ಪ್ರದರ್ಶನಾಲಯವನ್ನೂ ನಡೆಸಿದ್ದರು. 1961ರಲ್ಲಿ ಮತ್ತೆ ಮೊದಲಿನಂತೆ ಮಾಡಿದರು, ಅದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಒಬ್ಬರು ಜಪಾನಿನ ವಿರುದ್ಧ ಯುದ್ಧ ಮಾಡಿದ ಅಮೆರಿಕದ ಅಡ್ಮಿರಲ್ ನಿಮಿಟ್ಸ್. ಮತ್ತೆ ಆ ತೋಗೊ, 1912ರಲ್ಲಿ ಒಗುರಿಯವರ ವಂಶದವರನ್ನು ಮನೆಗೆ ಕರೆಸಿ, ತ್ಸುಶಿಮಾದಲ್ಲಿ ಗೆಲ್ಲಲಾದದ್ದು ಯೊಕೊಸುಕಾದ ಕಾರ್ಖಾನೆ ಇದ್ದುದರಿಂದ ಎಂದು ಕೃತಜ್ಞತೆ ಹೇಳಿದರು. ಹಾಗಾಗಿ ಮಿಕಾಸಾಕ್ಕೆ ಹೋಗುವವರು ಮೊದಲು ಈ ಪ್ರತಿಮೆಯನ್ನು ನೋಡಿ ಹೋಗುವುದೇ ಸರಿಯಾದ ಕ್ರಮ.

ಬೇಳೆಸಾರು:

ಊಟದ ವಿಷಯ ನಾನು ಹೇಳುತ್ತೇನೆ, ಇಲ್ಲಿ ಪೆಟ್ಟು ತಿಂದವಳು ನಾನು. ಯೊಕೊಸುಕಾದಲ್ಲಿ ಎಲ್ಲಿ ನೋಡಿದರೂ "ನೌಕಾಪಡೆ ಕರಿ" ಎಂಬ ಫಲಕ. ಕರಿ ಎಂಬ ಪದ ಕಂಡು ನನ್ನ ಮಾವನವರು ಕಣ್ಣರಳಿಸಿದ್ದರು. ಅದು 1908ರ ನೌಕಾಪಡೆಯ ಅಡುಗೆ ಕೈಪಿಡಿಯ ಪ್ರಕಾರ ಮಾಡುವ ಗೊಜ್ಜು, ಗೋಧಿ ಹಿಟ್ಟನ್ನು ಕೊಬ್ಬಿನಲ್ಲಿ ಹುರಿದು, ದನದ ಅಥವಾ ಕೋಳಿಯ ಮಾಂಸ ಹಾಕಿ ಕುದಿಸುತ್ತಾರೆ. ಮಾಂಸದ ತುಂಡು ತೆಗೆದು ಕೊಡಿ ಎಂದರೆ ಪ್ರಯೋಜನವಿಲ್ಲ, ಗೊಜ್ಜೇ ಅದರದ್ದು. ಜೊತೆಗೆ ಹಸಿ ತರಕಾರಿ ಮತ್ತು ಒಂದು ಲೋಟ ಹಾಲು ಕೊಡುವುದು ಕಡ್ಡಾಯದ ಪದ್ಧತಿ. ಅಂದು ಮಾವನವರು ಆ ಹಾಲನ್ನು ಕುಡಿದು, ಸೌತೆಕಾಯಿ ತಿಂದು, ಹೊರಗೆ ಬಂದು ಒಂದು ಮಾತೂ ಆಡದೆ ನಡೆದರು.

ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ. ಆದರೆ ಉದ್ಯಾನದಲ್ಲಿ ಹದ್ದುಗಳಿವೆ. ಕಸದ ಮೇಲೆ ಸುಮ್ಮನೆ ಗಿರಕಿ ಹೊಡೆಯುವ ಹದ್ದುಗಳೆಂದು ತಿಳಿಯಬೇಡಿ, ಹಿಂದಿನಿಂದ ಬಂದು ಕೈಯಲ್ಲಿರುವುದನ್ನೇ ಕಿತ್ತುಕೊಂಡು ಹೋಗುತ್ತವೆ. ಎಚ್ಚರಿಕೆಯ ಫಲಕಗಳೂ ಇವೆ. ಬೆನ್ನಿಗೆ ಗೋಡೆಯೋ ತಲೆಗೆ ಚಪ್ಪರವೋ ಇರುವ ಕಡೆ ಕೂರಿ, ಡಬ್ಬಿ ಮುಚ್ಚಿಡಿ, ತುತ್ತು ಬಾಯಿಗೆ ಹೋಗುವಾಗ ಮಾತ್ರ ತೆರೆಯಿರಿ. ಕಸ ಹಾಕಲು ಬುಟ್ಟಿ ಹುಡುಕಬೇಡಿ, ಚೀಲದಲ್ಲೇ ಮನೆಗೆ ತನ್ನಿ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನಿಮ್ಮ ಸುತ್ತಿಗೆಯ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ, "ಈ ಮನುಷ್ಯನಿಗೆ ಮದುವೆಯಾಗಿದೆಯೇ ಕೇಳು" ಎಂದರು. ಕ್ಷಮಿಸಿ, ಹಾಗೇ ಬರೆಯುತ್ತಿದ್ದೇನೆ. ಇನ್ನೊಂದು ಪ್ರಶ್ನೆ: ಮಗ ಕ್ಯಾಮೆರಾ ತರುತ್ತಾನೆ, ಸೇನೆಯ ಹಡಗುಗಳ ಚಿತ್ರ ತೆಗೆದರೆ ತೊಂದರೆಯಿಲ್ಲವೇ? ನಮ್ಮ ಯಜಮಾನರು ಹೊಸದಾಗಿ ಕೊಂಡ ಡ್ರೋನನ್ನೂ ಚೀಲಕ್ಕೆ ಹಾಕುವ ಹುನ್ನಾರದಲ್ಲಿದ್ದಾರೆ.

ಲೇತ್ ಮೇಷ್ಟ್ರು:

ಆಗಿದೆ. ಅವರೂ ಒಮ್ಮೆ ಸುತ್ತಿಗೆ ನೋಡಲು ಬಂದಿದ್ದರು, ಒಮ್ಮೆ ಮಾತ್ರ.

ಉದ್ಯಾನದಿಂದ ಚಿತ್ರ ತೆಗೆಯಲು ಯಾರ ಅಡ್ಡಿಯೂ ಇಲ್ಲ. ಬೆಳಗಾಗುವ ಮುಂಚೆಯೇ ಮೊಳದುದ್ದದ ಲೆನ್ಸ್ ಹಿಡಿದ ನಿವೃತ್ತರು ಸಾಲಾಗಿ ನಿಂತಿರುತ್ತಾರೆ. ಹುಡುಗ ಅವರ ಪಕ್ಕ ನಿಂತು ಒಂದು ಹಡಗಿನ ಹೆಸರು ಸರಿಯಾಗಿ ಹೇಳಿದರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಡ್ರೋನ್ ಮನೆಯಲ್ಲೇ ಬಿಡಿಸಿ. ಮುಖ್ಯ ಸ್ಥಾಪನೆಗಳ ಸುತ್ತ ಡ್ರೋನ್ ಹಾರಿಸುವುದನ್ನು ನಿಷೇಧಿಸುವ ಕಾನೂನಿಗೆ 2019ರಲ್ಲಿ ರಕ್ಷಣಾ ನೆಲೆಗಳನ್ನೂ ಸೇರಿಸಿದ್ದಾರೆ. ಆಟಿಕೆಯಷ್ಟು ಹಗುರವಾದದ್ದಕ್ಕೂ ಅಲ್ಲಿ ವಿನಾಯಿತಿ ಇಲ್ಲ.

ನೀರವ:

ಸಂತೋಷದ ಮಾತಿನ ನಡುವೆ ಒಂದು ಸಂಗತಿ. ಅದೇ ಉದ್ಯಾನದಲ್ಲಿ ಮುತ್ಸು ಯುದ್ಧನೌಕೆಯ ಒಂದು ಫಿರಂಗಿ ಇದೆ, ಬಾಯಿಯ ಅಗಲ 41 ಸೆಂಟಿಮೀಟರ್. 2016ರಲ್ಲಿ ಇಲ್ಲಿಗೆ ತಂದರು. ಮುತ್ಸು ಕಟ್ಟಿದ್ದು ಇದೇ ಯೊಕೊಸುಕಾದಲ್ಲಿ. 1943ರ ಜೂನ್‌ನಲ್ಲಿ ಲಂಗರು ಹಾಕಿ ನಿಂತಿದ್ದಾಗಲೇ ಸ್ಫೋಟವಾಗಿ 1,121 ಜನ ಸತ್ತರು. ಮಕ್ಕಳು ಅದರ ಪಕ್ಕ ನಿಂತು ಬೆರಳೆತ್ತಿ ಚಿತ್ರ ತೆಗೆಸಿಕೊಳ್ಳುವುದನ್ನು ನೋಡಿದಾಗ ನನಗೆ ಏಕೋ ಒಂದು ಥರ ಆಗುತ್ತದೆ. ತೆಗೆಸಬೇಡಿ ಎನ್ನುತ್ತಿಲ್ಲ. ಹಡಗಿನ ಸಂಖ್ಯೆ ನೆನಪಿಡುವ ಹುಡುಗನಿಗೆ ಈ ಸಂಖ್ಯೆಯೂ ಗೊತ್ತಿರಲಿ.

ತುಂಗಾತೀರ:

ಹೋಗಿ ಬಂದೆವು, ವರದಿ ಒಪ್ಪಿಸುತ್ತಿದ್ದೇನೆ.

ಆರೂವರೆಗೆ ಹೊರಟು, ಜುಶಿಯಲ್ಲಿ ಬದಲಿಸಿ, ಎಂಟಕ್ಕೆ ಹತ್ತು ನಿಮಿಷ ಇರುವಾಗ ಉದ್ಯಾನದಲ್ಲಿದ್ದೆವು. ನಿಲ್ದಾಣದಿಂದ ಹೊರಬಂದ ಅಮ್ಮ ಹಿಂತಿರುಗಿ ನೋಡಿ, "ಮುಗಿಯಿತೇ? ಮೆಟ್ಟಿಲು ಎಲ್ಲಿ?" ಎಂದರು. ಮೇಷ್ಟ್ರೇ, ಆ ಒಂದು ಪ್ರಶ್ನೆಗೇ ನಿಮಗೆ ಕೈಮುಗಿಯಬೇಕು.

ಎಂಟಕ್ಕೆ ಸರಿಯಾಗಿ ಒಂದು ಕಡೆಯಿಂದ ಕಹಳೆ, ಎದುರು ದಡದಿಂದ ಅಮೆರಿಕದ ರಾಷ್ಟ್ರಗೀತೆ. ಎರಡೂ ನೀರಿನ ಮೇಲೆ ಬಂದು ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. ಓಡುತ್ತಿದ್ದ ಒಬ್ಬ ಮನುಷ್ಯ ತಟ್ಟನೆ ನಿಂತು ಟೊಪ್ಪಿ ತೆಗೆದ. ಮಗ ಬೆನ್ನು ನೆಟ್ಟಗೆ ಮಾಡಿ ನಿಂತ. ಅಮ್ಮ ಮಾತ್ರ ಮೆಲ್ಲಗೆ, "ಯಾರೋ ಎರಡು ರೇಡಿಯೊ ಒಟ್ಟಿಗೆ ಹಚ್ಚಿದ್ದಾರೆ" ಎಂದರು. 183 ಇರಲಿಲ್ಲ. ಹುಡುಗನ ಮುಖ ಬಾಡಿತು. ಆದರೆ ಲೆನ್ಸ್ ಹಿಡಿದಿದ್ದ ಒಬ್ಬ ಅಜ್ಜ ಜಲಾಂತರ್ಗಾಮಿಯ ಬಾಲದ ಕಡೆ ತೋರಿಸಿ, ಅದರ ಚುಕ್ಕಾಣಿ ಗುಣಾಕಾರದ ಗುರುತಿನಂತಿದ್ದರೆ ಜಪಾನಿನದ್ದು ಎಂದು ಗುರುತಿಸಬಹುದು ಎಂದು ಹೇಳಿಕೊಟ್ಟರು. ಅಲ್ಲಿಂದ ಮುಂದೆ ಅರ್ಧ ಗಂಟೆ ನಮಗೆ ಮಗ ಇರಲಿಲ್ಲ.

ಗುಲಾಬಿಯ ಬಗ್ಗೆ ಮೇಷ್ಟ್ರು ಒಂದು ಸಾಲು ಬರೆದು ಕೈತೊಳೆದುಕೊಂಡಿರಿ, ಅದು ಅನ್ಯಾಯ. ಬಾಡಿದ ಹೂಗಳನ್ನು ಕತ್ತರಿಸುತ್ತಿದ್ದ ಹೆಂಗಸೊಬ್ಬರ ಪಕ್ಕ ಅಮ್ಮ ನಿಂತುಕೊಂಡರು. ಇವರಿಗೆ ಜಪಾನಿ ಬಾರದು, ಅವರಿಗೆ ಕನ್ನಡ ಬಾರದು. ಹೂವಿನ ಕೆಳಗೆ ಎಷ್ಟನೇ ಎಲೆಯ ಮೇಲೆ ಕತ್ತರಿ ಇಡಬೇಕು ಎಂಬುದನ್ನು ಬೆರಳು ಎಣಿಸಿ ತೋರಿಸಿದರು. ಅಮ್ಮ ತಲೆಯಾಡಿಸಿದರು, ತಾವೂ ಒಂದು ಕೊಂಬೆ ತೋರಿಸಿ ಇಲ್ಲಿ ಎಂದರು, ಆ ಹೆಂಗಸು ಅಲ್ಲೇ ಕತ್ತರಿಸಿದರು. ಹಳದಿ ಅಂಚಿನ ಕೆಂಪು ಹೂವಿನ ಎಸಳು ನಾಲ್ಕು ಅಮ್ಮನ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೂ ಬಂದಿವೆ.

ಸುತ್ತಿಗೆಯ ಎದುರು ಅಮ್ಮ ಒಂದೇ ಪ್ರಶ್ನೆ ಕೇಳಿದರು: "ಇದು ಬಡಿಯುವಾಗ ಸುತ್ತಲಿನ ಮನೆಗಳಲ್ಲಿ ಮಗು ಮಲಗುತ್ತಿತ್ತೇ?" ನನಗೆ ಉತ್ತರ ತಿಳಿಯಲಿಲ್ಲ. ಪ್ರತಿಮೆಗಳ ಮುಂದೆ ಇನ್ನೂ ಜೋರಾಗಿ, "ಇವರಿಬ್ಬರಲ್ಲಿ ಕೊಂದದ್ದು ಯಾರನ್ನು?" ಎಂದರು. ತೋರಿಸಿದೆ. ಹೋಗಿ ಅವರ ಮುಖವನ್ನೇ ನೋಡುತ್ತಾ ನಿಂತು, ವೆರ್ನಿಯ ಕಡೆ ತಿರುಗಿಯೂ ನೋಡಲಿಲ್ಲ. ಫಿರಂಗಿಯ ಹತ್ತಿರ ಮಗನಿಗೆ ನೀರವ ಅವರು ಹೇಳಿದ ಸಂಖ್ಯೆ ಹೇಳಿದೆ. ಅವನು ಬೆರಳೆತ್ತದೆ ಚಿತ್ರ ತೆಗೆಸಿಕೊಂಡ.

ಮಿಕಾಸಾಕ್ಕೆ ಟ್ಯಾಕ್ಸಿಯಲ್ಲಿ ಹೋದೆವು. ಯಜಮಾನರೂ ಮಗನೂ ಒಳಗೆ, ನಾನೂ ಅಮ್ಮನೂ ಕಾರಂಜಿಯ ಪಕ್ಕ. ಆರನೇ ಗೇರ್ ಅವರೇ, ನೀವೂ ಸುಳ್ಳು ಹೇಳಿಲ್ಲ, ಹುಡುಗನನ್ನು ಅಲ್ಲಿಂದ ಎಬ್ಬಿಸಲು ಐಸ್‌ಕ್ರೀಮಿನ ಆಸೆ ತೋರಿಸಬೇಕಾಯಿತು.

ಈಗ ಬೇಳೆಸಾರು ಅವರಿಗೆ ತಪ್ಪೊಪ್ಪಿಗೆ. ವೆರ್ನಿ ಉದ್ಯಾನದಲ್ಲಿ ಹತ್ತು ಗಂಟೆಯ ಹೊತ್ತಿಗೆ ಹಸಿವೆಂದ ಮಗನಿಗೆ ಚಪಾತಿ ಸುರುಳಿ ಸುತ್ತಿ ಕೊಟ್ಟೆ. ನೀವು ಹೇಳಿದ್ದೆಲ್ಲ ನೆನಪಿತ್ತು, "ಒಂದು ಕ್ಷಣ ತಾನೆ" ಎಂದುಕೊಂಡೆ. ರೆಕ್ಕೆಯ ಸದ್ದೂ ಕೇಳಲಿಲ್ಲ. ಹುಡುಗನ ಕಿವಿಯ ಪಕ್ಕ ಕಂದು ಬಣ್ಣದ್ದೇನೋ ಹಾದುಹೋಯಿತು, ಕೈ ಖಾಲಿ. ಉಗುರು ತಾಗಲಿಲ್ಲ, ಅದೇ ಪುಣ್ಯ. ಬೆಚ್ಚಿಬಿದ್ದ ನನ್ನ ಕೈಯಿಂದ ಸ್ಟೀಲ್ ಡಬ್ಬಿಯ ಮುಚ್ಚಳ ಹಾರಿ, ಹಲಗೆಯ ಮೇಲೆ ಗಾಲಿಯಂತೆ ಉರುಳಿ, ಕಂಬಿಯ ಸಂದಿಯಿಂದ ಸಮುದ್ರಕ್ಕೆ ಬಿತ್ತು. ಅಮ್ಮ ಊರಿನಿಂದ ತಂದ ಡಬ್ಬಿ, ಮುಚ್ಚಳದ ಮೇಲೆ ಅಪ್ಪನ ಹೆಸರು ಕೊರೆಸಿದ್ದು. ನೀರು ತಿಳಿಯಾಗಿತ್ತು, ಸ್ವಲ್ಪ ಹೊತ್ತು ಹೊಳೆಯುವುದು ಕಾಣುತ್ತಿತ್ತು. ಇಂಥದ್ದಕ್ಕೆ ಯಾರನ್ನಾದರೂ ಕೇಳಬಹುದೇ?

ಲೇತ್ ಮೇಷ್ಟ್ರು:

ಅಮ್ಮನವರ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ. ಒಂಬತ್ತು ವರ್ಷದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.

ಮುಚ್ಚಳವನ್ನು ಮರೆತುಬಿಡಿ. ಎರಡು ನೌಕಾಪಡೆಗಳು ಕಣ್ಣಿಟ್ಟಿರುವ ನೀರಿನ ತಳದಲ್ಲಿ ಹೊಳೆಯುವ ದುಂಡನೆಯ ಲೋಹದ ವಸ್ತುವೊಂದಿದೆ, ಅದು ನನ್ನದು ಎಂದು ನೀವು ಹೋಗಿ ಹೇಳುವುದನ್ನು ಊಹಿಸಿಕೊಳ್ಳಲೂ ಆಗುತ್ತಿಲ್ಲ. ಡಬ್ಬಿಯ ಬಾಯಿಯ ಅಳತೆ ಮಿಲಿಮೀಟರಿನಲ್ಲಿ ಕಳಿಸಿ, ಒಳಗಿನದು ಬೇರೆ, ಹೊರಗಿನದು ಬೇರೆ. ಅಪ್ಪನ ಹೆಸರನ್ನೂ ಬರೆಯಿರಿ. ಬಿಡುವಿನ ಹೊತ್ತಿನಲ್ಲಿ ಲೇತ್‌ನಲ್ಲಿ ಹೊಸ ಮುಚ್ಚಳ ಮಾಡಿ ಕೊಡುತ್ತೇನೆ.